ಮೊದಲು ಕೆಟ್ಟ ಸುದ್ದಿ

ಶಾರ್ಜಾ
12 ಫೆಬ್ರವರಿ 2003

ಪ್ರೀತಿಯ ಮಾಷ್ಟ್ರಿಗೆ,

ಫಾಯಿಝಾಳ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ನೀವು, ಪದ್ಮಾಕ್ಷಿ ಅಕ್ಕ ಕ್ಷೇಮವೆಂದು ನಂಬಿದ್ದೇನೆ.

ಯಾವ ಫಾಯಿಝಾ ಎಂದು ಕೇಳಬೇಡಿ. ಫರಂಗಿಪೇಟೆಯಿಂದ ಬಸ್ಸಿನಲ್ಲಿ ಬಂದು ನಿಮ್ಮಲ್ಲಿ ಟೈಪಿಂಗ್ ಕಲಿಯುತ್ತಿದ್ದ, ಎಡಗೈಯ ಕಿರುಬೆರಳು ಸೋಮಾರಿಯಾಗಿದ್ದ ಫಾಯಿಝಾ. ನೀವು ಒಳಗೆ ಕುಳಿತು ಯಾರದೋ ರೇಡಿಯೋ ಬಿಚ್ಚುತ್ತಲೇ, ಹೊರಗಿನ ಎಂಟು ಟೈಪ್‌ರೈಟರುಗಳಲ್ಲಿ ಯಾವುದರ ಮುಂದೆ ಯಾರಿದ್ದಾರೆಂದು ಸದ್ದು ಕೇಳಿಯೇ ಹೇಳುತ್ತಿದ್ದಿರಿ. "ಫಾಯಿಝಾ, ಕಿರುಬೆರಳು ನಿದ್ದೆ ಮಾಡ್ತಾ ಉಂಟಾ?" ಎಂದು ನೀವು ಕೂಗಿದರೆ ಉಳಿದ ಏಳು ಯಂತ್ರಗಳೂ ನಗುತ್ತಿದ್ದವು.

ಒಂದು ಉಪಕಾರ ಆಗಬೇಕು. 1995ರಲ್ಲಿ ನೀವು 'ಮಲ್ಟಿಮೀಡಿಯಾ ತರಬೇತಿ ಇದೆ' ಎಂದು ಬೋರ್ಡು ಹಾಕಿ ಒಂದು ಕಂಪ್ಯೂಟರ್ ತಂದಿರಲ್ಲ, ಅದಕ್ಕೆ ನನ್ನ ತಂದೆ ಗಲ್ಫಿನಿಂದ ಸೌಂಡ್ ಕಾರ್ಡ್ ತಂದುಕೊಟ್ಟಿದ್ದರಲ್ಲ, ಅದು ಈಗಲೂ ಉಂಟಾ? ಆ ಕಾರ್ಡನ್ನು ಮಾಡಿದ ಕಂಪೆನಿ ಮುಚ್ಚಿ ವರ್ಷಗಳಾದವು. ಇಲ್ಲಿಯ ಅಂಗಡಿಗಳಲ್ಲಿ ಕೇಳಿದರೆ ನಗುತ್ತಾರೆ.

ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಮನೆಯಲ್ಲೇ ಕುಳಿತು ನಾನೊಂದು ಕೆಲಸ ಹಿಡಿದಿದ್ದೇನೆ. ಲಿನಕ್ಸ್ ಎಂಬ ವ್ಯವಸ್ಥೆಯನ್ನು ಜಗತ್ತಿನ ಎಲ್ಲೆಲ್ಲಿಯವರೋ ಸೇರಿ ಪುಕ್ಕಟೆಯಾಗಿ ಬರೆಯುತ್ತಾರೆ. ಅದರ ತಿರುಳಿಗೆ ಕರ್ನೆಲ್ ಎನ್ನುತ್ತಾರೆ. ಯಂತ್ರದ ಒಂದೊಂದು ಭಾಗವನ್ನು ಓಡಿಸಲು ಅದರಲ್ಲಿ ಒಂದೊಂದು ಡ್ರೈವರ್. ನಿಮ್ಮ ಕಾರ್ಡಿನ ಡ್ರೈವರನ್ನು ನೋಡಿಕೊಳ್ಳುವವಳು ನಾನು. ಬೇರೆ ಯಾರಿಗೂ ಅದು ಬೇಡವಾಗಿತ್ತು. ನನಗೆ ಬಂಟ್ವಾಳದ ನೆನಪಾಗಿ ಬೇಕು ಅನ್ನಿಸಿತು.

ಈಗ ಕರ್ನೆಲಿನ ಕ್ರಮ ಬದಲಾಗುತ್ತಿದೆ. ಮೊದಲು ಒಂದು ಭಾಗ ಕೆಲಸ ಮಾಡುವಾಗ, ಮನೆಯಲ್ಲಿ ಒಬ್ಬರು ನಮಾಜಿಗೆ ನಿಂತ ಹಾಗೆ, ಉಳಿದವರೆಲ್ಲ ಸದ್ದು ಮಾಡದೆ ಇರಬೇಕಿತ್ತು. ಇನ್ನು ಅವರವರ ಕೋಣೆಯ ಬಾಗಿಲು ಹಾಕಿಕೊಂಡರೆ ಸಾಕು. ಅದಕ್ಕೆ ತಕ್ಕಂತೆ ಡ್ರೈವರನ್ನು ತಿದ್ದಿದ್ದೇನೆ. ಆದರೆ ನಿಜವಾದ ಕಾರ್ಡಿನಲ್ಲಿ ಓಡಿಸಿ ನೋಡದಿದ್ದರೆ ಡಿಸೆಂಬರಿನ ಹೊಸ ಕರ್ನೆಲಿನಿಂದ ಅದನ್ನು ಕಿತ್ತು ಬಿಸಾಡುತ್ತಾರೆ.

ಬಿಸಾಡಿದರೆ ಏನು ಎಂದು ನೀವು ಕೇಳಬಹುದು. ಪೋಲೆಂಡ್ ದೇಶದಲ್ಲಿ ಪಿಯಾನೊ ಶ್ರುತಿ ಮಾಡುವ ಒಬ್ಬ ಮುದುಕರಿದ್ದಾರೆ. ಅವರಿಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಕಂಪ್ಯೂಟರೇ ಅವರಿಗೆ ಓದಿ ಹೇಳುತ್ತದೆ, ಇದೇ ಕಾರ್ಡಿನ ಮೂಲಕ. ಇರುವುದು ಒಂದೇ ಯಂತ್ರ. ಅದು ಮೂಕವಾದರೆ, ಮೂಕವಾಯಿತು ಎಂದು ಬರೆಯಲೂ ಅವರಿಂದಾಗದು. ಹಾಗಾಗಿ ಪರೀಕ್ಷೆಯನ್ನು ಅವರಿಂದ ಮಾಡಿಸುವಂತಿಲ್ಲ.

ತಮ್ಮ ಅಜ್ಮಲ್ ಊರಿಗೆ ಬರುತ್ತಿದ್ದಾನೆ. ಎರಡು ಫ್ಲಾಪಿ ಕೊಟ್ಟಿದ್ದೇನೆ. ಒಂದಾದ ಮೇಲೊಂದು ಹಾಕಿ ಕಂಪ್ಯೂಟರ್ ಹೊತ್ತಿಸಿ. ಸ್ಪೀಕರಿನಲ್ಲಿ ಒಂದು ನಿಮಿಷ ಧ್ವನಿ ಬರಬೇಕು. ಏನು ಕೇಳಿತು, ಪರದೆಯ ಕೊನೆಯ ಸಾಲು ಯಾವುದು ಎಂದು ಬರೆಯಿರಿ.

ನಿಮ್ಮ ವಿದ್ಯಾರ್ಥಿನಿ
ಫಾಯಿಝಾ

*

ಬಂಟ್ವಾಳ
9 ಮಾರ್ಚ್ 2003

ಚಿ. ಸೌ. ಫಾಯಿಝಾಳಿಗೆ,

ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಕ್ಷೇಮಕ್ಕೆ ಆಗಾಗ ಬರೆಯುತ್ತಿರಬೇಕು.

ಅಜ್ಮಲ್ ಬಂದಿದ್ದ. ಖರ್ಜೂರ ಕೊಟ್ಟು, ಚಹಾ ಕುಡಿದು, "ಅಕ್ಕ ಕಂಪ್ಯೂಟರಿಗೆ ಏನೋ ಮದ್ದು ಕಳಿಸಿದ್ದಾಳೆ" ಎಂದು ಫ್ಲಾಪಿ ಮೇಜಿನ ಮೇಲಿಟ್ಟು ಹೋದ. ಪದ್ಮಾಕ್ಷಿ ಅದನ್ನು ತೇವ ಹಿಡಿಯದ ಹಾಗೆ ಅಕ್ಕಿಡಬ್ಬದಲ್ಲಿ ಹೂತಿಟ್ಟಳು. ಮರುದಿನ ಅನ್ನಕ್ಕೆ ಅಕ್ಕಿ ಅಳೆಯುವಾಗ ಸಿಕ್ಕಿತು. ಬೇಯಿಸಲಿಲ್ಲ, ಹೆದರಬೇಡ.

ಯಂತ್ರ ಉಂಟು, ಕಾರ್ಡೂ ಉಂಟು. ಒಳಗೆ ಒಂದು ಸಣ್ಣ ಬಲ್ಬು ಉರಿಸಿಟ್ಟು ಬೆಚ್ಚಗೆ ಕಾಪಾಡಿದ್ದೇನೆ. ನೀನು ಹೇಳಿದ ಹಾಗೆ ಹೊತ್ತಿಸಿದೆ. ಎಲ್ಲ ಚೆನ್ನಾಗಿ ನಡೆಯಿತು. ಪರದೆಯಲ್ಲಿ ಏನೂ ತೊಂದರೆ ಕಾಣಲಿಲ್ಲ. ಹಾಡು ಬಹಳ ಇಂಪಾಗಿತ್ತು.

ಇ-ಮೇಲ್ ಮಾಡಿ ಎಂದು ಅಜ್ಮಲ್ ಹೇಳಿದ. ಅದರಲ್ಲಿ ಕನ್ನಡ ಬರುವುದಿಲ್ಲವಂತೆ, ನನಗೆ ಇಂಗ್ಲಿಷಿನಲ್ಲಿ ಪ್ರೀತಿ ಬರುವುದಿಲ್ಲ. ಹಾಗಾಗಿ ಈ ಟೈಪ್‌ರೈಟರೇ ಸಾಕು. ಪಿಯಾನೊದವರಿಗೆ ಶುಭವಾಗಲಿ.

ಇತಿ,
ಚಿನ್ನಯ್ಯ

*

ಶಾರ್ಜಾ
2 ಏಪ್ರಿಲ್ 2003

ಪ್ರೀತಿಯ ಮಾಷ್ಟ್ರಿಗೆ,

ನಾವಿಲ್ಲಿ ಕ್ಷೇಮ. ನಿಮ್ಮ ಪತ್ರ ಓದಿ ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಕೂಡಲೇ ಕರ್ನೆಲ್ ನೋಡಿಕೊಳ್ಳುವ ಮೇಲಿನವರಿಗೆ ಬರೆದೆ: ನಿಜವಾದ ಕಾರ್ಡಿನಲ್ಲಿ ಪರೀಕ್ಷೆಯಾಗಿದೆ, ಸರಿಯಾಗಿ ನಡೆಯುತ್ತದೆ ಎಂದು. ಬದಲಾವಣೆಯನ್ನು ಸೇರಿಸಿಕೊಂಡರು. "ಇಂಥ ಕಾರ್ಡು ಇನ್ನೂ ಯಾರ ಬಳಿ ಉಂಟು?" ಎಂದು ಒಬ್ಬರು ಕೇಳಿದರು. "ನನ್ನ ಮಾಷ್ಟ್ರ ಬಳಿ" ಎಂದು ಬರೆಯುವಾಗ ನನಗೆ ಎಷ್ಟು ಜಂಭ ಬಂತೆಂದರೆ, ಕಿರುಬೆರಳೂ ಸರಿಯಾಗಿ ಬಿತ್ತು.

ನಿಮ್ಮ
ಫಾಯಿಝಾ

*

ಶಾರ್ಜಾ
21 ಆಗಸ್ಟ್ 2003

ಮಾಷ್ಟ್ರಿಗೆ,

ಈ ಪತ್ರವನ್ನು ಮೂರು ಸಲ ಹರಿದು ನಾಲ್ಕನೆಯ ಸಲ ಬರೆಯುತ್ತಿದ್ದೇನೆ.

ಪೋಲೆಂಡಿನವರು ಹೋದ ತಿಂಗಳು ಹೊಸ ಕರ್ನೆಲಿನ ಪ್ರಾಯೋಗಿಕ ಪ್ರತಿ ಹಾಕಿಕೊಂಡರು. ನನ್ನ ಮಾತು ನಂಬಿ. ಯಂತ್ರ ಮೂಕವಾಯಿತು. ಯಾವ ದಿನ ಯಾವ ಮನೆಗೆ ಶ್ರುತಿ ಮಾಡಲು ಹೋಗಬೇಕು, ಯಾರು ಕರೆದಿದ್ದಾರೆ, ಎಲ್ಲ ಅದರೊಳಗೆ. ಮೂರು ವಾರ ಅವರು ಆ ಪೆಟ್ಟಿಗೆಯ ಎದುರು ಸುಮ್ಮನೆ ಕುಳಿತಿದ್ದರಂತೆ. ಕೊನೆಗೆ ಪಕ್ಕದ ಮನೆಯ ಹೆಂಗಸೊಬ್ಬರು ಬಂದು ಅವರ ಪರವಾಗಿ ನಮಗೆ ಬರೆದರು.

"ಇದನ್ನು ಪರೀಕ್ಷೆ ಮಾಡಿದವರು ಯಾರು?" ಎಂದು ಮೇಲಿನವರು ಎಲ್ಲರೆದುರು ಕೇಳಿದರು. ನಿಮ್ಮ ಪತ್ರವನ್ನು ಮತ್ತೆ ತೆಗೆದು ಓದಿದೆ. ಆಗ ಸಂತೋಷದಲ್ಲಿ ಕಾಣದ್ದು ಈಗ ಕಂಡಿತು.

ಹಾಡು ಇಂಪಾಗಿತ್ತು ಎಂದು ಬರೆದಿದ್ದೀರಿ. ಅದರಲ್ಲಿ ಹಾಡೇ ಇರಲಿಲ್ಲ ಮಾಷ್ಟ್ರೇ. ಅದು ನನ್ನದೇ ಧ್ವನಿ. ಒಂದರಿಂದ ಅರುವತ್ತರವರೆಗೆ ಕನ್ನಡದಲ್ಲಿ ಎಣಿಸಿದ್ದೆ. ನೀವು ನಗಬೇಕೆಂದು ಮೊದಲೇ ಹೇಳಿರಲಿಲ್ಲ.

ಇನ್ನೊಂದು. ಜೂನಿನಲ್ಲಿ ನೀವು ಬರೆದ ಪತ್ರದಲ್ಲಿ ಒಂದು ಸಾಲು ಇಡೀ ಗೋಜಲು. ಬೆರಳುಗಳು ಒಂದು ಕೀಲಿಯಷ್ಟು ಬಲಕ್ಕೆ ಸರಿದು ಕುಳಿತಿದ್ದವು. ಒಂದು ತಪ್ಪಿಗೆ ಇಡೀ ಹಾಳೆ ಮತ್ತೆ ಹೊಡೆಸುತ್ತಿದ್ದವರು ನೀವು. ಅಂಥವರು ಆ ಸಾಲನ್ನು ಕಂಡೂ ಕಳಿಸಿರಲಾರಿರಿ.

ನಾನು ಕೋಪದಲ್ಲಿ ಕೇಳುತ್ತಿಲ್ಲ. ಅಲ್ಲ, ಕೋಪವೂ ಉಂಟು. ಅಲ್ಲಿ ಏನು ನಡೆಯುತ್ತಿದೆ? ನಿಜ ಬರೆಯಿರಿ.

ಫಾಯಿಝಾ

*

ನರಿಕೊಂಬು
14 ಸೆಪ್ಟೆಂಬರ್ 2003

ಮಗಳೇ ಫಾಯಿಝಾ,

ಮೇಲೆ ಊರಿನ ಹೆಸರು ಬದಲಾದದ್ದು ನೋಡಿದೆಯಾ? ಪೇಟೆಯ ಇನ್‌ಸ್ಟಿಟ್ಯೂಟ್ ಮೇ ತಿಂಗಳಲ್ಲಿ ಮುಚ್ಚಿದೆ. ಟೈಪಿಂಗ್ ಜೂನಿಯರ್ ಪರೀಕ್ಷೆಗೆ ಈ ವರ್ಷ ಒಬ್ಬರೂ ಸೇರಲಿಲ್ಲ. ಏಳು ಟೈಪ್‌ರೈಟರುಗಳನ್ನು ಬೆಳ್ತಂಗಡಿಯ ಒಂದು ಶಾಲೆಗೆ ಕೊಟ್ಟೆ. ಒಂದನ್ನು ಮತ್ತು ನಿನ್ನ ಕಂಪ್ಯೂಟರನ್ನು ನರಿಕೊಂಬಿನ ಮನೆಗೆ ತಂದೆ. ಜೂನಿನಲ್ಲಿ ಸುಮ್ಮನೆ 'ಬಂಟ್ವಾಳ' ಎಂದು ಹೊಡೆದೆ.

ಕಣ್ಣಿಗೆ ಎರಡು ವರ್ಷದಿಂದ ಮಂಜು. ಪರದೆ ಎಂದರೆ ನನಗೆ ಒಂದು ಬಿಳಿ ಚೌಕ, ಅಷ್ಟೇ. ನಿನ್ನ ಪತ್ರಗಳನ್ನು ಪದ್ಮಾಕ್ಷಿ ಓದಿ ಹೇಳುತ್ತಾಳೆ, ಪರದೆಯ ಇಂಗ್ಲಿಷ್ ಅವಳಿಗೆ ಬಾರದು. ನನ್ನದನ್ನು ನಾನು ಬೆರಳ ಅಂದಾಜಿನಲ್ಲಿ ಹೊಡೆಯುತ್ತೇನೆ. "ಅಂಟಿಸುವ ಮೊದಲು ಒಮ್ಮೆ ಓದಿ ನೋಡ್ತೇನೆ, ಕೊಡಿ" ಎಂದು ಅವಳು ಕೇಳಿದ್ದಳು. ಕೊಡಲಿಲ್ಲ. ಅದರಲ್ಲಿ ಸುಳ್ಳಿತ್ತಲ್ಲ.

ಮಾರ್ಚ್‌ನಲ್ಲಿ ನಡೆದದ್ದು ಇಷ್ಟು. ಫ್ಲಾಪಿ ಹಾಕಿದೆ. ಸ್ಪೀಕರಿನಲ್ಲಿ 'ಟಕ್' ಎಂದು ಒಂದು ಸದ್ದು. ಮತ್ತೆ ಏನೂ ಇಲ್ಲ. ಪದ್ಮಾಕ್ಷಿ ಕೇಳಿದಳು, "ಆಯ್ತಾ?" ನಾನು, "ಆಯ್ತು." "ಏನು ಆಯ್ತು? ನನಗೆ ಏನೂ ಕೇಳ್ಲಿಲ್ಲ." "ನಿನಗೆ ಕೇಳುವುದಿಲ್ಲ, ಅದು ಕಂಪ್ಯೂಟರ್ ಸಂಗೀತ." ಅವಳು ಸೊಂಟಕ್ಕೆ ಕೈಯಿಟ್ಟು, "ಆ ಹುಡುಗಿಗೆ ಸುಳ್ಳು ಬರೆದ್ರೆ ನಿಮಗೆ ಏನು ಸಿಗ್ತದೆ ಮಾರಾಯ್ರೆ?" ಎಂದಳು.

ಏನು ಸಿಗುತ್ತದೆ ಎಂದು ಹೇಳುತ್ತೇನೆ ಕೇಳು. ನೀನು ನನ್ನಲ್ಲಿಗೆ ಟೈಪಿಂಗಿಗೆ ಬರುವ ಎಷ್ಟೋ ಮೊದಲು, ನಿನ್ನ ತಾಯಿ ಮೈಮೂನಮ್ಮ ಬರುತ್ತಿದ್ದರು, ಗಲ್ಫಿನಲ್ಲಿದ್ದ ನಿನ್ನ ತಂದೆಗೆ ಕಾಗದ ಬರೆಸಲು. ಅವರೊಬ್ಬರೇ ಅಲ್ಲ, ಶುಕ್ರವಾರ ಮಧ್ಯಾಹ್ನ ಬೆಂಚು ತುಂಬ ಹೆಂಗಸರು. ಅವರು ಹೇಳುವುದು ಒಂದು, ನಾನು ಬರೆಯುವುದು ಒಂದು. "ಮನೆಯ ಮಾಡು ಸೋರ್ತಾ ಉಂಟು" ಎಂದರೆ "ಮಳೆ ಚೆನ್ನಾಗಿದೆ" ಎಂದು ಬರೆಯುತ್ತಿದ್ದೆ. ಅವರಿಗೂ ಅದೇ ಬೇಕಿತ್ತು. ಕಡಲಾಚೆ ಒಂಟಿಯಾಗಿರುವವನಿಗೆ ಕೆಟ್ಟ ಸುದ್ದಿ ಕಳಿಸಿದರೆ ಅವನು ಏನು ಮಾಡಿಯಾನು? ಎದ್ದು ಬರುವಂತಿಲ್ಲ, ನುಂಗುವಂತಿಲ್ಲ.

ನಿನ್ನ ಅಜ್ಜಿ ಪಾತುಮ್ಮ ತೀರಿಹೋದ ವಾರ ನಾನು ಬರೆದದ್ದು "ಅಮ್ಮನಿಗೆ ಸ್ವಲ್ಪ ನೆಗಡಿ". ಇಪ್ಪತ್ತು ದಿನ ಬಿಟ್ಟು "ಜ್ವರ ಬಿಟ್ಟಿಲ್ಲ". ಮತ್ತೆ ಇಪ್ಪತ್ತು ದಿನಕ್ಕೆ "ಡಾಕ್ಟರು ಬಂದು ನೋಡಿದರು". ಅಷ್ಟರಲ್ಲಿ ಇಲ್ಲಿ ನಲವತ್ತನೆಯ ದಿನದ ಊಟವೂ ಆಗಿತ್ತು. ಸತ್ತ ಮುದುಕಿಯನ್ನು ಒಂದೂವರೆ ತಿಂಗಳು ಕಾಗದದಲ್ಲಿ ಬದುಕಿಸಿದ ಕೈ ಇದು ಮಗಳೇ. ಈ ಕೈಗೆ ಗಲ್ಫಿನ ವಿಳಾಸ ಹೊಡೆದ ಕೂಡಲೇ 'ಎಲ್ಲ ಕ್ಷೇಮ' ತಾನಾಗಿ ಬರುತ್ತದೆ.

ನಿನ್ನದನ್ನೂ ಅಂಥ ಒಂದು ಕಾಗದವೆಂದೇ ತಿಳಿದೆ. ನಿನಗೆ ಬೇಸರವಾಗದಿದ್ದರೆ ಸಾಕು ಎಂದುಕೊಂಡೆ. ನಾನು ಬರೆದ ಕ್ಷೇಮ ಪೋಲೆಂಡಿಗೆ ಹೋಗಿ ಒಬ್ಬ ಕುರುಡನ ಬಾಯಿ ಕಟ್ಟುತ್ತದೆ ಎಂದು ನನಗೆ ಹೊಳೆಯಲಿಲ್ಲ. ಆ ಮೂರು ವಾರದ ಮಾತನ್ನು ಪದ್ಮಾಕ್ಷಿಯಿಂದ ಎರಡು ಸಲ ಓದಿಸಿದೆ. ಕಣ್ಣು ಕಾಣದವನು ಸುಮ್ಮನಿರುವ ಪೆಟ್ಟಿಗೆಯ ಎದುರು ಕೂರುವುದು ಏನೆಂದು ನನಗೆ ಗೊತ್ತಿಲ್ಲವೇ?

ಅವರಿಗೆ ಬರೆ: ತಪ್ಪು ಫಾಯಿಝಾಳದ್ದಲ್ಲ, ಅವಳ ಮಾಷ್ಟ್ರದ್ದು ಎಂದು.

ಈ ಕಾಗದವನ್ನು ಪದ್ಮಾಕ್ಷಿ ಓದಿದ್ದಾಳೆ. ಎರಡು ತಪ್ಪು ಹಿಡಿದಳು.

ಚಿನ್ನಯ್ಯ

*

ಶಾರ್ಜಾ
6 ಅಕ್ಟೋಬರ್ 2003

ಪ್ರೀತಿಯ ಮಾಷ್ಟ್ರಿಗೆ,

ನಿಮ್ಮ ಪತ್ರ ಓದಿ ಅತ್ತುಬಿಟ್ಟೆ, ನಡುವೆ ಅಜ್ಜಿಯ ನೆಗಡಿಗೆ ನಕ್ಕೆ. ನಮ್ಮ ತಂದೆ ಆ ನೆಗಡಿಯ ಕಾಗದವನ್ನು ಇಂದಿಗೂ ಇಟ್ಟುಕೊಂಡಿದ್ದಾರೆ. 'ನೆಗಡಿ' ಎಂದು ಓದಿದ ಕೂಡಲೇ ಗೊತ್ತಾಯಿತಂತೆ. ಗೊತ್ತಾಗದವರ ಹಾಗೆ ಅವರೂ "ಕಷಾಯ ಕೊಡಿ" ಎಂದು ಬರೆದರಂತೆ.

ಪೋಲೆಂಡಿನವರ ಯಂತ್ರಕ್ಕೆ ಸದ್ಯಕ್ಕೆ ಹಳೆಯ ಕರ್ನೆಲನ್ನೇ ವಾಪಸು ಹಾಕಿಸಿದ್ದೇವೆ. ಮಾತಾಡುತ್ತಿದೆ. ಆದರೆ ನನ್ನ ಡ್ರೈವರನ್ನು ತೆಗೆಯುವ ಪಟ್ಟಿಗೆ ಸೇರಿಸಿದ್ದಾರೆ. ನವೆಂಬರ್ ಕೊನೆಯೊಳಗೆ ನಿಜವಾದ ವರದಿ ಬೇಕು. ಬಾರದಿದ್ದರೆ ಹೋಯಿತು. ಅವರು ಸಾಯುವವರೆಗೆ ಆ ಹಳೆಯದರಲ್ಲೇ ಇರಬೇಕು.

ಬೇರೆ ಯಾರನ್ನಾದರೂ ಹುಡುಕು ಎಂದು ಕರ್ನೆಲ್ ಗುಂಪಿನವರು ಹೇಳುತ್ತಾರೆ. ನಾನು ಹುಡುಕುವುದಿಲ್ಲ. ನಮ್ಮ ನೆರೆಯ ರಹ್ಮತ್ ರಜೆಯಲ್ಲಿ ಬರುತ್ತಿದ್ದಾರೆ, ಅವರ ಕೈಯಲ್ಲಿ ಹೊಸ ಫ್ಲಾಪಿ ಉಂಟು. ಈ ಸಲ ಪರದೆ ನೋಡುವುದೇ ಬೇಡ. ಕೆಲಸ ಒಂದೊಂದು ಮೆಟ್ಟಿಲು ಹತ್ತಿದಾಗಲೂ ಯಂತ್ರ ಒಂದೊಂದು ಬೀಪ್ ಹೊಡೆಯುವ ಹಾಗೆ ಮಾಡಿದ್ದೇನೆ. ಒಟ್ಟು ಐದು. ಐದನೆಯದರ ನಂತರ ನನ್ನ ಎಣಿಕೆ. ಎಷ್ಟನೆಯ ಬೀಪಿಗೆ ನಿಂತಿತು ಎಂದು ಕಿವಿಯಿಂದ ಕೇಳಿ ಬರೆಯಿರಿ. ನಿಮ್ಮಂಥ ಕಿವಿ ಆ ಇಡೀ ಗುಂಪಿನಲ್ಲಿ ಯಾರಿಗೂ ಇಲ್ಲ.

ಒಂದು ನಿಯಮ. ಇನ್ನು ನಮ್ಮ ಪತ್ರಗಳಲ್ಲಿ ಮೊದಲು ಕೆಟ್ಟ ಸುದ್ದಿ. ಒಳ್ಳೆಯದು ಆಮೇಲೆ. ನಡೆಯಲಿಲ್ಲ ಎಂಬುದೇ ನನಗೆ ಬೇಕಾದ ಸುದ್ದಿ. ಅದಿಲ್ಲದೆ ನಾನು ಏನನ್ನು ತಿದ್ದಲಿ?

ನಿಮ್ಮ
ಫಾಯಿಝಾ

*

ನರಿಕೊಂಬು
5 ನವೆಂಬರ್ 2003

ಚಿ. ಸೌ. ಫಾಯಿಝಾಳಿಗೆ,

ಮೊದಲು ಕೆಟ್ಟ ಸುದ್ದಿ. ನಡೆಯಲಿಲ್ಲ.

ಒಂದು, ಎರಡು, ಮೂರು, ನಾಲ್ಕು ಬೀಪ್. ಐದು ಇಲ್ಲ. ಹನ್ನೊಂದು ಸಲ ಮಾಡಿದೆ, ಹನ್ನೊಂದು ಸಲವೂ ನಾಲ್ಕಕ್ಕೇ ನಿಂತಿತು. ಪದ್ಮಾಕ್ಷಿ ಹುಣಸೆಬೀಜ ಇಟ್ಟು ಲೆಕ್ಕ ಹಿಡಿದಳು, ನನ್ನನ್ನು ನಂಬುವುದಿಲ್ಲವಂತೆ.

ಹನ್ನೆರಡನೆಯ ಸಲ ಕಂಪ್ಯೂಟರನ್ನು ಬಿಟ್ಟು ಕೋಣೆಯನ್ನು ಕೇಳಿದೆ. ರೇಡಿಯೋ ರಿಪೇರಿಯಲ್ಲಿ ಹಾಗೆಯೇ. ಹಾಡು ಕೇಳಬಾರದು, ಹಾಡಿನ ಹಿಂದಿನ ಗುಂಯ್ ಕೇಳಬೇಕು. ನಾಲ್ಕನೆಯ ಬೀಪಿನ ಬೆನ್ನಿಗೇ ಆಚೆ ಮೇಜಿನಲ್ಲಿ 'ಚಿಕ್' ಎಂದಿತು. ನಮ್ಮ ಹಳೆಯ ಪ್ರಿಂಟರ್! ಯಾರೂ ಕರೆಯದಿದ್ದರೂ ಅದರ ತಲೆ ಒಂದು ಎಳ್ಳಿನಷ್ಟು ಅಲ್ಲಾಡುತ್ತದೆ. ಮತ್ತೆ ಮಾಡಿದೆ. ನಾಲ್ಕು, ಚಿಕ್. ಮತ್ತೆ. ನಾಲ್ಕು, ಚಿಕ್.

ಪೆಟ್ಟಿಗೆ ಬಿಚ್ಚಿ, ತಡವಿ, ಪ್ರಿಂಟರಿನ ಕಾರ್ಡನ್ನು ಕಿತ್ತು ಬದಿಗಿಟ್ಟೆ. ಬೆರಳಿಗೆ ಕಣ್ಣು ಬೇಡ. ಪುನಃ ಹೊತ್ತಿಸಿದೆ.

ಐದನೆಯ ಬೀಪ್ ಬಂತು ಮಗಳೇ. ಅದರ ಹಿಂದೆಯೇ "ಒಂದು... ಎರಡು... ಮೂರು..."

ಪದ್ಮಾಕ್ಷಿ ಅಡುಗೆಮನೆಯಿಂದ ಬಂಗುಡೆ ಕೊಯ್ಯುತ್ತಿದ್ದ ಕೈಯಲ್ಲೇ ಓಡಿ ಬಂದಳು. "ಫಾಯಿಝಾ ಯಾವಾಗ ಬಂದದ್ದು? ಹೊರಗೆ ಯಾಕೆ ನಿಲ್ಲಿಸಿದ್ದೀರಿ?" ಎಂದು ಬಾಗಿಲು ನೋಡಿದಳು. ನಾವಿಬ್ಬರೂ ನಿಂತುಕೊಂಡೇ ಅರುವತ್ತರವರೆಗೆ ಕೇಳಿದೆವು. ಮುಗಿದ ಮೇಲೆ "ಇನ್ನೊಮ್ಮೆ ಹಾಕಿ" ಎಂದಳು. ಮೀನು ಬೆಕ್ಕಿನ ಪಾಲಾಯಿತು. ಅದೂ ಕೆಟ್ಟ ಸುದ್ದಿಯೇ, ಬರೆದಿದ್ದೇನೆ.

ಒಂದು ದೋಷ ಉಳಿದಿದೆ. ನಲವತ್ತೇಳಕ್ಕೆ ಬಂದಾಗ ಧ್ವನಿ ತೊದಲುತ್ತದೆ. ಒಂದು ಉಸಿರು ನಿಂತು, ಆಮೇಲೆ ಮುಂದೆ ಹೋಗುತ್ತದೆ. ಪ್ರತಿ ಸಲವೂ ಅಲ್ಲೇ. ಡ್ರೈವರಿನಲ್ಲಿ ಅದನ್ನೂ ನೋಡು.

ಇತಿ,
ಚಿನ್ನಯ್ಯ

*

ಶಾರ್ಜಾ
20 ಡಿಸೆಂಬರ್ 2003

ಪ್ರೀತಿಯ ಮಾಷ್ಟ್ರಿಗೆ,

ಮೊದಲು ಕೆಟ್ಟ ಸುದ್ದಿ.

ನಲವತ್ತೇಳರ ತೊದಲು ಡ್ರೈವರಿನದ್ದಲ್ಲ. ನನ್ನದು.

ಆ ಎಣಿಕೆಯನ್ನು ನಾನು ಧ್ವನಿಮುದ್ರಣ ಮಾಡಿದ್ದು ಫೆಬ್ರವರಿಯಲ್ಲಿ, ನಿಮಗೆ ಮೊದಲ ಪತ್ರ ಬರೆದದ್ದಕ್ಕೆ ಒಂದು ದಿನ ಮೊದಲು. ನಲವತ್ತೇಳಕ್ಕೆ ಬಂದಾಗ ನನ್ನ ಗಂಡ ಬದ್ರುದ್ದೀನ್ ಬಾಗಿಲು ತೆರೆದು ಬಂದು ಚಪ್ಪಲಿಯನ್ನೂ ಬಿಚ್ಚದೆ ನಿಂತರು. ಹಗಲು ಹೊತ್ತು ಅವರು ಮನೆಗೆ ಬರುವವರೇ ಅಲ್ಲ. ಅವರು ಕೆಲಸಕ್ಕಿದ್ದ ಅಂಗಡಿ ಮುಚ್ಚಿತ್ತು. ಮುಖ ನೋಡಿಯೇ ಗೊತ್ತಾಯಿತು. ಆದರೂ ಅರುವತ್ತರವರೆಗೆ ಎಣಿಸಿ ಮುಗಿಸಿದೆ. ಮರುದಿನ ನಿಮಗೆ 'ನಾವಿಲ್ಲಿ ಕ್ಷೇಮ' ಎಂದು ಬರೆದೆ. ಏಪ್ರಿಲಿನಲ್ಲೂ ಹಾಗೆಯೇ. ಹೆತ್ತ ಉಮ್ಮನಿಗೂ ಕಳೆದ ತಿಂಗಳವರೆಗೆ ಹಾಗೆಯೇ. ನಿಮಗೆ ಅಷ್ಟು ದೊಡ್ಡದಾಗಿ ನಿಯಮ ಹೇಳಿದವಳು ನಾನು! ನಿಮ್ಮ ಕಿವಿ ಅದನ್ನು ಹಿಡಿದುಬಿಟ್ಟಿತು.

ಬೇರೆ ಕೆಲಸ ಸಿಗಲಿಲ್ಲ. ಫೆಬ್ರವರಿ ಮೊದಲ ವಾರ ಊರಿಗೆ ಬರುತ್ತಿದ್ದೇವೆ, ರಜೆಗಲ್ಲ. ಸೋತು ಬಂದರು ಎಂದು ಫರಂಗಿಪೇಟೆಯಲ್ಲಿ ಆಡಿಕೊಳ್ಳುವವರಿದ್ದಾರು. ನಿಮ್ಮ ಪತ್ರ ಬಂದ ದಿನ ಉಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಉಮ್ಮ "ನನಗೆ ರಂಜಾನಿನಲ್ಲೇ ಗೊತ್ತಾಗಿತ್ತು, ನೀನು ಹೇಳುವುದನ್ನು ಕಾಯ್ತಾ ಇದ್ದೆ" ಎಂದರು.

ಇನ್ನು ಒಳ್ಳೆಯದು. ನಿಮ್ಮ 'ಚಿಕ್' ಸದ್ದೇ ಗಂಟು ಬಿಡಿಸಿತು. ನಮ್ಮ ಕಾರ್ಡು, ಪ್ರಿಂಟರು ಎರಡಕ್ಕೂ ಕರೆಗಂಟೆ ಒಂದೇ. ಹಳೆಯ ಕ್ರಮದಲ್ಲಿ ಎಲ್ಲರೂ ಸುಮ್ಮನಿರುತ್ತಿದ್ದುದರಿಂದ ಅದು ಗೊತ್ತಾಗುತ್ತಿರಲಿಲ್ಲ. ಈಗ ಗಂಟೆ ಬಾರಿಸಿದರೆ ಪ್ರಿಂಟರು ತನ್ನನ್ನೇ ಕರೆದರೆಂದು ಎದ್ದು ಬರುತ್ತದೆ, ಕಾರ್ಡು ಬಾಗಿಲಲ್ಲೇ ಕಾಯುತ್ತ ನಿಲ್ಲುತ್ತದೆ. ಪೋಲೆಂಡಿನವರ ಯಂತ್ರದಲ್ಲೂ ಒಂದು ಪ್ರಿಂಟರ್ ಇದೆಯಂತೆ. ಆರು ಸಾಲು ತಿದ್ದಿದೆ. ಮೊನ್ನೆ ಅವರ ಪಕ್ಕದ ಮನೆಯವರು ಕೂತು ಹೊಸದನ್ನು ಹಾಕಿಕೊಟ್ಟರು. ಯಂತ್ರ ಮಾತಾಡಿತು. ಈ ಸಲ ಪತ್ರವನ್ನು ಅವರೇ ಬರೆದಿದ್ದಾರೆ.

ಡ್ರೈವರ್ ಉಳಿಯಿತು. ಅದರ ಕಡತದ ತಲೆಯಲ್ಲಿ, ನನ್ನ ಹೆಸರಿನ ಕೆಳಗೆ, ಒಂದು ಸಾಲು ಸೇರಿಸಿದ್ದೇನೆ. ಇಂಗ್ಲಿಷಿನಲ್ಲಿ ಉಂಟು, ನಿಮಗೆ ಕನ್ನಡದಲ್ಲಿ ಹೇಳುತ್ತೇನೆ: 'ನಡೆಯುತ್ತಿಲ್ಲ ಎಂದು ತಿಳಿಸಿದವರು ಚಿನ್ನಯ್ಯ, ಬಂಟ್ವಾಳ.' ನಡೆಯುತ್ತದೆ ಎಂದವರ ಹೆಸರನ್ನು ಯಾರೂ ಬರೆದಿಡುವುದಿಲ್ಲ ಮಾಷ್ಟ್ರೇ.

ನಿಮ್ಮ
ಫಾಯಿಝಾ

*

ನರಿಕೊಂಬು
11 ಜನವರಿ 2004

ಮಗಳೇ ಫಾಯಿಝಾ,

ಮೊದಲು ಕೆಟ್ಟ ಸುದ್ದಿ. ನೀವು ಬರುವ ದಿನ ನಾನು ವಿಮಾನ ನಿಲ್ದಾಣಕ್ಕೆ ಬರಲಾರೆ. ಮೂಡುಬಿದಿರೆಯ ಕಣ್ಣಿನ ಶಿಬಿರದಲ್ಲಿ ಹೆಸರು ಬರೆಸಿದ್ದೇನೆ. ಬಲಗಣ್ಣಿಗೆ ಅದೇ ವಾರ ಶಸ್ತ್ರಚಿಕಿತ್ಸೆ. ಪಟ್ಟಿ ಕಟ್ಟಿ ಕೂರಿಸುತ್ತಾರೆ. ನನಗೆ ಭಯ ಉಂಟು. ಇದನ್ನು ಪದ್ಮಾಕ್ಷಿಗೂ ಹೇಳಿರಲಿಲ್ಲ. ಈಗ ಓದಿ ತಿಳಿದುಕೊಳ್ಳುತ್ತಾಳೆ.

ಎರಡನೆಯ ಕೆಟ್ಟ ಸುದ್ದಿ. ಡ್ರೈವರಿನಲ್ಲಿ ನನ್ನ ಹೆಸರು ಬಂದದ್ದನ್ನು ಪದ್ಮಾಕ್ಷಿ ಇಡೀ ನರಿಕೊಂಬಿಗೆ ಹೇಳಿಬಿಟ್ಟಿದ್ದಾಳೆ. ನನಗೆ ಬಸ್ಸು ಓಡಿಸುವ ಕೆಲಸ ಸಿಕ್ಕಿದೆ ಎಂದು ಜನ ತಿಳಿದಿದ್ದಾರೆ. ಕಣ್ಣು ಕಾಣದವನಿಗೆ ಲೈಸೆನ್ಸ್ ಯಾರು ಕೊಟ್ಟದ್ದು ಎಂದು ಹಾಲಿನ ರುಕ್ಮಯ್ಯ ಕೇಳುತ್ತಿದ್ದಾನೆ.

ಸೋತು ಬಂದರು ಎಂದು ಆಡಿಕೊಳ್ಳುವವರ ವಿಷಯ ನೀನು ಬರೆದಿದ್ದೆ. ಮೂವತ್ತು ವರ್ಷ ಈ ಊರಿನಿಂದ ಕಡಲಾಚೆಗೆ ಹೋದ ಕಾಗದಗಳನ್ನು ಬರೆದವನು ನಾನು. ಯಾರ ಮನೆಯ 'ಕ್ಷೇಮ'ದೊಳಗೆ ಏನೇನಿತ್ತೆಂದು ನನಗೆ ಗೊತ್ತು. ಯಾರಾದರೂ ಮಾತಾಡಿದರೆ ನನ್ನ ಹತ್ತಿರ ಕಳಿಸು.

ಇನ್ನು ಒಳ್ಳೆಯದು. ಟೈಪ್‌ರೈಟರನ್ನು ಜಗಲಿಯಲ್ಲಿ ಇಟ್ಟಿದ್ದೇನೆ, ರಿಬ್ಬನ್ ಹೊಸದು. ನೀನು ಬಂದಾಗ ಮಾಷ್ಟ್ರೇ ಎಂದು ಕರೆಯಬೇಡ, ಬಾಗಿಲು ತಟ್ಟಬೇಡ. ಸುಮ್ಮನೆ ಕುಳಿತು ಒಂದು ಸಾಲು ಹೊಡೆ. ನಾನು ಒಳಗೆ ಪಟ್ಟಿ ಕಟ್ಟಿಕೊಂಡು ಕುಳಿತಿರುತ್ತೇನೆ. ಆ ಕಿರುಬೆರಳು ಈಗಲೂ ಒಂದು ಕ್ಷಣ ತಡವಾಗಿ ಬಿದ್ದರೆ, ಎದ್ದು ಬಂದು ಬಾಗಿಲು ತೆರೆಯುತ್ತೇನೆ.

ಇತಿ,
ಚಿನ್ನಯ್ಯ